ಕರೆಂಟ್ ಬೀಡಿಯ ಚೆಕ್ಕರ್ ಐತಪ್ಪ

ಐತಪ್ಪ ಪೆದ್ದ ಎಂದು ಊರವರು ಹೇಳಿದ್ದಲ್ಲ. ಅವನ ಅಮ್ಮ ಪೂವಕ್ಕನೇ ಹೇಳುತ್ತಿದ್ದಳು. ಬೆಳಿಗ್ಗೆ ಗಂಜಿ ಬಡಿಸುವಾಗ ಒಮ್ಮೆ, ಸಂಜೆ ದೀಪ ಹಚ್ಚುವಾಗ ಒಮ್ಮೆ, ನಡುವೆ ಅವನ ಮುಖ ಕಂಡಾಗಲೆಲ್ಲ. ಹೆತ್ತವಳೇ ಹೇಳಿದ ಮೇಲೆ ಊರವರಿಗೆ ಹೇಳಲಿಕ್ಕೆ ಏನು ಉಳಿಯಿತು, ಪಾಪ.

ಊರು ಕೈಕಂಬದ ಹತ್ತಿರ. ಯಾವ ಕೈಕಂಬ ಎಂದು ಕೇಳಬೇಡಿ. ನಮ್ಮ ಜಿಲ್ಲೆಯಲ್ಲಿ ದಾರಿ ಕವಲೊಡೆದಲ್ಲೆಲ್ಲ ಒಂದು ಕೈಕಂಬ ಉಂಟು, ಕೈಕಂಬ ಇದ್ದಲ್ಲೆಲ್ಲ ಎಲೆ ಕೊಟ್ಟು ಕಟ್ಟಿದ ಬೀಡಿ ತೆಗೆದುಕೊಳ್ಳುವ ಒಂದು ಬೀಡಿ ಬ್ರಾಂಚ್ ಉಂಟು, ಬ್ರಾಂಚ್ ಇದ್ದಲ್ಲೆಲ್ಲ ಒಬ್ಬಳು ಪೂವಕ್ಕ ಇರುತ್ತಾಳೆ. ಈ ಪೂವಕ್ಕ ದಿನವಿಡೀ ಜಗಲಿಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದಳು. ಮಡಿಲಲ್ಲಿ ಮೊರದಂಥ ತಡ್ಪೆ, ತಡ್ಪೆಯಲ್ಲಿ ಎಲೆ, ಎಲೆಯೊಳಗೆ ಹೊಗೆಸೊಪ್ಪು, ತಲೆಯೊಳಗೆ ಐತಪ್ಪ.

ಒಂದು ದಿನ ಅವಳು ಹೇಳಿದಳು. "ಮಗಾ, ಬ್ರಾಂಚಿಗೆ ಹೋಗಿ ಎಲೆ ತೆಗೆದುಕೊಂಡು ಸೀದಾ ಮನೆಗೆ ಬಾ. ಅಲ್ಲಿ ಇಲ್ಲಿ ತಿರುಗಬೇಡ."

ಐತಪ್ಪ ಹೋದ, ಎಲೆ ತೆಗೆದುಕೊಂಡ, ಸೀದಾ ಬಂದ. ಗದ್ದೆಯ ಮೇಲೆ ಬಂದ, ತೋಡಿನ ನೀರಿನಲ್ಲಿ ಬಂದ, ಶೆಟ್ಟರ ಮನೆಯ ಎದುರು ಬಾಗಿಲಲ್ಲಿ ಒಳಗೆ ಬಂದು, ಗಂಜಿ ಬಸಿಯುತ್ತಿದ್ದ ಅವರ ಸೊಸೆಯ ಪಕ್ಕದಿಂದಲೇ ಹಿತ್ತಲ ಬಾಗಿಲಲ್ಲಿ ಹೊರಗೆ ಬಂದ. ಸೊಸೆ ಬಸಿಯುವ ಪಾತ್ರೆ ಬಿಟ್ಟು ಕೂಗಿದ್ದು ಬ್ರಾಂಚಿನವರೆಗೂ ಕೇಳಿಸಿತಂತೆ. ಒದ್ದೆ ಎಲೆಯ ಕಟ್ಟು ಕೈಯಲ್ಲಿ ಹಿಡಿದು ಮನೆ ಮುಟ್ಟಿದವನನ್ನು ನೋಡಿ ಪೂವಕ್ಕ ಎದೆ ಹಿಡಿದುಕೊಂಡಳು.

"ಎಂತ ಮಾಡಿದೆ ಮಗಾ?"

"ತಿರುಗಬೇಡ ಅಂದಿದ್ದೆಯಲ್ಲ ಅಮ್ಮ. ದಾರಿ ತಿರುಗಿತು, ನಾನು ತಿರುಗಲಿಲ್ಲ. ಹೇಳಿದ ಹಾಗೆಯೇ ಮಾಡಿದ್ದೇನೆ."

ಇದು ಐತಪ್ಪನ ಮಾತು. ಹೇಳಿದ ಹಾಗೆಯೇ ಮಾಡಿದ್ದೇನೆ. ಇದಕ್ಕೆ ಎದುರಾಡಲು ಯಾರಿಗೂ ಆಗುತ್ತಿರಲಿಲ್ಲ, ಏಕೆಂದರೆ ಅದು ನಿಜ. ಮೀಸೆ ಬಂದ ಗಂಡಸು, ಎರಡಾಳಿನ ಮೈಶಕ್ತಿ, ಮನಸ್ಸಿನಲ್ಲಿ ಒಂದು ಚೂರು ಕಳ್ಳತನವಿಲ್ಲ. ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡುವ ಮಗನಿಗಾಗಿ ಎಷ್ಟೋ ತಾಯಂದಿರು ಹರಕೆ ಹೊರುತ್ತಾರೆ. ಪೂವಕ್ಕನಿಗೆ ಹರಕೆ ಇಲ್ಲದೆಯೇ ಸಿಕ್ಕಿತ್ತು, ಅವಳಿಗೆ ಅದು ಬೇಡವಾಗಿತ್ತು.

ಇದೆಲ್ಲ ನಗುವ ಮಾತಾಯಿತು. ನಗಲಿಕ್ಕಾಗದ ಮಾತು ಒಂದಿತ್ತು. ಹೊಗೆಸೊಪ್ಪಿನ ಧೂಳು ಕುಡಿದು ಕುಡಿದು ಪೂವಕ್ಕನಿಗೆ ಕೆಮ್ಮು ಹಿಡಿದಿತ್ತು. ಕೆಮ್ಮು ಹೋಗಿ ದಮ್ಮಾಯಿತು. ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ ಬೆನ್ನಿಗೆ ಕೊಳವೆ ಇಟ್ಟು ಕೇಳಿ, "ಮಾತ್ರೆ ಕೊಡುತ್ತೇನೆ, ಆದರೆ ಆ ತಡ್ಪೆ ಕೆಳಗಿಡದಿದ್ದರೆ ನನ್ನ ಮಾತ್ರೆ ಏನೂ ಮಾಡುವುದಿಲ್ಲ" ಎಂದಿದ್ದರು. ತಡ್ಪೆ ಕೆಳಗಿಟ್ಟರೆ ಗಂಜಿ ಎಲ್ಲಿಂದ? ಅದಕ್ಕೆ ಉತ್ತರ ಜಗಲಿಯ ಮೂಲೆಯಲ್ಲಿ ಕೂತು ಇರುವೆ ಸಾಲು ನೋಡುತ್ತಿತ್ತು.

"ಐತಪ್ಪ," ಎಂದಳು ಪೂವಕ್ಕ, "ನೀನು ಒಂದು ಕಡೆ ನಿಂತರೆ ಸಾಕು ಮಗಾ. ನಾನು ಅವತ್ತೇ ತಡ್ಪೆ ಕೆಳಗಿಡುತ್ತೇನೆ."

ಐತಪ್ಪ ಎದ್ದು ಅಂಗಳದ ಹಲಸಿನ ಮರದ ಬುಡದಲ್ಲಿ ನಿಂತ. ಬಿಸಿಲೇರಿತು, ನಿಂತಿದ್ದ. ಬಿಸಿಲಿಳಿಯಿತು, ನಿಂತಿದ್ದ. ಕೋಳಿಗಳು ಗೂಡಿಗೆ ಬಂದವು, ನಿಂತೇ ಇದ್ದ.

"ಅಲ್ಲೆಂತ ಮಾಡುತ್ತೀ?"

"ಒಂದು ಕಡೆ ನಿಂತಿದ್ದೇನೆ ಅಮ್ಮ. ಇನ್ನೂ ತಡ್ಪೆ ಇಡಲಿಲ್ಲವಲ್ಲ ನೀನು?"

ಪೂವಕ್ಕ ಅಳಲಿಲ್ಲ, ನಗಲೂ ಇಲ್ಲ. ಮರುದಿನ ಅವನ ಕೈ ಹಿಡಿದುಕೊಂಡು ಸಿರಿಲ್ ಪೊರ್ಬುಗಳ ಅಂಗಡಿಗೆ ಹೋದಳು.

ಪೊರ್ಬು ಎಂದರೆ ನಮ್ಮ ಕಡೆ ಕೊಂಕಣಿ ಕ್ರೈಸ್ತರನ್ನು ಮರ್ಯಾದೆಯಿಂದ ಕರೆಯುವ ಹೆಸರು. ಈ ಸಿರಿಲ್ ಪೊರ್ಬು ಮಸ್ಕತ್ತಿನಿಂದ ವಾಪಸು ಬಂದು ಕೈಕಂಬದಲ್ಲಿ ಫಾರಿನ್ ಸಾಮಾನಿನ ಅಂಗಡಿ ಇಟ್ಟವರು. ಅವರು ಸಣ್ಣವರಿದ್ದಾಗ ಪೂವಕ್ಕ ಅವರ ಮನೆಯಲ್ಲಿ ಕೆಲಸಕ್ಕಿದ್ದಳು. ಅವಳ ಸೊಂಟದಲ್ಲಿ ಕೂತು ಊರೆಲ್ಲ ತಿರುಗಿದ ಮಗು ಈ ಪೊರ್ಬು. ಹಾಗಾಗಿ ಕೈಕಂಬದಲ್ಲಿ ಪೂವಕ್ಕನಿಗೆ ಇಲ್ಲ ಎನ್ನಲಾಗದವರು ಯಾರಾದರೂ ಇದ್ದರೆ ಅವರೊಬ್ಬರೇ.

"ಒಂದು ಹೊಸ ಸಾಮಾನು ಬಂದಿದೆ ಪೂವಕ್ಕ," ಎಂದರು ಪೊರ್ಬುಗಳು. "ಅದನ್ನು ಚೆಕ್ ಮಾಡಲಿಕ್ಕೆ ಒಬ್ಬ ಬೇಕು. ಇವನಿಗೆ ಆಗಬಹುದು."

ಸಾಮಾನು ನೋಡಿ ಪೂವಕ್ಕ ಎರಡು ಹೆಜ್ಜೆ ಹಿಂದೆ ಸರಿದಳು. ಪೆನ್ನಿನ ಹಾಗಿನ ಕೊಳವೆ. ಎಲೆ ಇಲ್ಲ, ನೂಲಿಲ್ಲ, ಬೆಂಕಿ ಇಲ್ಲ. ಕೆಳಗೆ ಬ್ಯಾಟರಿ, ಮೇಲೆ ಮೂತಿ, ಗುಂಡಿ ಒತ್ತಿ ಎಳೆದರೆ ಹೊಗೆ. ಬ್ಯಾಟರಿಯ ಬುಡದಲ್ಲಿ ತಿರುಗಿಸುವ ಚಕ್ರ, ಅದರ ಸುತ್ತ ಮೂರು, ನಾಲ್ಕು, ಐದು ಎಂದು ವೋಲ್ಟಿನ ಗುರುತು. ತಿರುಗಿಸಿದಷ್ಟು ಬಿಸಿ, ಬಿಸಿಯಾದಷ್ಟು ಹೊಗೆ. ಸರ್ಕಾರ ಇದನ್ನು ಮಾರಕೂಡದು ಎನ್ನುವುದಕ್ಕಿಂತ ಮೊದಲಿನ ಮಾತಿದು, ಆಗ ಮಾರುತ್ತಿದ್ದರು.

"ಕರೆಂಟ್ ಬೀಡಿ," ಎಂದರು ಪೊರ್ಬುಗಳು.

"ಕರೆಂಟಿನಲ್ಲಿಯೂ ಸೇದುತ್ತಾರಾ?" ಪೂವಕ್ಕನ ಕೈ ಗಲ್ಲದ ಮೇಲೆ ಬಂತು. "ಶಾಕ್ ಹೊಡೆಯುವುದಿಲ್ವಾ ಪೊರ್ಬುಗಳೇ?"

ಪೊರ್ಬುಗಳು ನಕ್ಕರು. ಅದರಲ್ಲಿದ್ದ ಕರೆಂಟು ಸೊಳ್ಳೆಗೂ ತಾಗುವಂಥದ್ದಲ್ಲ. ಮುಂದೆ ಆ ಅಂಗಡಿಯಲ್ಲಿ ಎಷ್ಟೋ ಜನರಿಗೆ ಶಾಕ್ ಹೊಡೆಯಿತು ನಿಜ, ಆದರೆ ಅದೆಲ್ಲ ಹೊಡೆದದ್ದು ಐತಪ್ಪ, ಬ್ಯಾಟರಿಯಲ್ಲ.

ತೊಂದರೆ ಏನೆಂದರೆ ಆ ಚಕ್ರದ ಗುರುತು ಸುಳ್ಳು ಹೇಳುತ್ತಿತ್ತು. ಮೂರಕ್ಕಿಟ್ಟರೆ ಒಳಗಿನಿಂದ ಐದು ಬಂದು ಒಬ್ಬ ಗಿರಾಕಿಯ ನಾಲಿಗೆ ಸುಟ್ಟಿತ್ತು. ಐದಕ್ಕಿಟ್ಟರೂ ಹೊಗೆಯೇ ಬರದೆ ಇನ್ನೊಬ್ಬ ಬೈದು ಹೋಗಿದ್ದ. ಅದಕ್ಕೇ ಮಾರುವ ಮೊದಲು ಒಂದೊಂದನ್ನೂ ನೋಡಿ ಇಡಬೇಕಿತ್ತು.

"ಒಂದೊಂದನ್ನೇ ಚೆಕ್ ಮಾಡು ಮಾರಾಯ. ಒಳ್ಳೆಯದು ಆ ಪೆಟ್ಟಿಗೆಗೆ, ಹಾಳಾದದ್ದು ಈ ಪೆಟ್ಟಿಗೆಗೆ," ಎಂದು ಹೇಳಿ ಪೊರ್ಬುಗಳು ಚಾ ಕುಡಿಯಲು ಹೋದರು.

ಚೆಕ್ ಮಾಡುವುದು ಐತಪ್ಪನಿಗೆ ಗೊತ್ತಿಲ್ಲದ ವಿಷಯವೇ? ಅಮ್ಮನ ಸೆರಗು ಹಿಡಿದು ಬ್ರಾಂಚಿಗೆ ಹೋಗುತ್ತಿದ್ದ ಕಾಲದಿಂದ ನೋಡಿದ್ದಾನೆ. ಅಲ್ಲಿ ಚೆಕ್ಕರ್ ಕಾಲು ಮಡಚಿ ಕೂತಿರುತ್ತಾನೆ. ಕಟ್ಟಿನಿಂದ ಬೀಡಿ ಎಳೆಯುತ್ತಾನೆ, ಎರಡು ಹೆಬ್ಬೆರಳಿನ ನಡುವೆ ಒತ್ತುತ್ತಾನೆ, ಮೆತ್ತಗಿದ್ದರೆ ಅಲ್ಲಿಯೇ ಲಟಕ್ಕೆಂದು ಮುರಿದು ಬಿಸಾಡುತ್ತಾನೆ. ಅಮ್ಮನ ಮುಖ ಸಣ್ಣದಾಗುತ್ತದೆ. ಅದು ಚೆಕ್ಕು. ಐತಪ್ಪ ಕಾಲು ಮಡಚಿ ಕೂತ. ಒಂದು ತೆಗೆದ, ಕುತ್ತಿಗೆಯ ಹತ್ತಿರ ಹಿಡಿದ, ಎರಡು ಹೆಬ್ಬೆರಳಿಟ್ಟು ಒತ್ತಿದ. ಲಟಕ್. ಈ ಪೆಟ್ಟಿಗೆಗೆ. ಇನ್ನೊಂದು ತೆಗೆದ. ಲಟಕ್. ಇದೂ ಈ ಪೆಟ್ಟಿಗೆಗೆ.

ಪೊರ್ಬುಗಳು ಬಾಯೊರೆಸಿಕೊಳ್ಳುತ್ತಾ ಬಂದರು.

"ಎಲ್ಲ ಹಾಳು ಪೊರ್ಬುಗಳೇ," ಎಂದ ಐತಪ್ಪ ಬೇಸರದಿಂದ. "ಒಂದೂ ಗಟ್ಟಿ ಇಲ್ಲ. ಯಾರು ಕಟ್ಟಿದ್ದೋ ಏನೋ, ನನ್ನ ಅಮ್ಮ ಕಟ್ಟಿದ್ದು ಇದಕ್ಕಿಂತ ಗಟ್ಟಿ."

ಪೊರ್ಬುಗಳು ಪೆಟ್ಟಿಗೆಯೊಳಗೆ ಕೈ ಹಾಕಿದರು, ಕುತ್ತಿಗೆ ಮುರಿದ ಕೊಳವೆಗಳನ್ನು ಎತ್ತಿ ನೋಡಿದರು, ಪುನಃ ಒಳಗಿಟ್ಟರು. ಆಮೇಲೆ ಕೂಗಿದರು.

"ಕೈಯಲ್ಲಿ ಮುರಿದು ನೋಡುವುದಾ ಇದನ್ನು? ಮೀಟರ್ ಉಂಟಲ್ಲ ಮಾರಾಯ, ಮೀಟರ್! ಇಗೋ, ಇದನ್ನು ಹಿಡಿ. ಕೈಯಿಂದ ಬಿಡಬೇಡ. ಇದು ಎಷ್ಟು ತೋರಿಸುತ್ತದೋ ಅಷ್ಟನ್ನೇ ನನಗೆ ಹೇಳು."

ಅಂಗೈಯಷ್ಟಗಲದ ಹಳದಿ ಡಬ್ಬಿ, ಅದಕ್ಕೆ ಒಂದು ಕೆಂಪು ವಯರ್, ಒಂದು ಕಪ್ಪು ವಯರ್. ಕೈಯಿಂದ ಬಿಡಬೇಡ ಎಂದರಲ್ಲ, ಐತಪ್ಪ ಬಿಡಲಿಲ್ಲ. ಸಂಜೆ ಅದನ್ನು ಹಿಡಿದುಕೊಂಡೇ ಮನೆಗೆ ಬಂದ. ಹಿಡಿದುಕೊಂಡೇ ಸ್ನಾನ ಮಾಡಿದ, ಆ ಕೈಯನ್ನು ಮೇಲೆತ್ತಿ. ಬಲಗೈಯಲ್ಲಿ ಮೀಟರ್, ಎಡಗೈಯಲ್ಲಿ ಗಂಜಿಯ ಚಮಚ. ಪೂವಕ್ಕ ಕೇಳಿದಳು. ಅವನು ಮುರಿದದ್ದರಿಂದ ಹಿಡಿದು ಎಲ್ಲವನ್ನೂ ಒಂದು ಮುಚ್ಚುಮರೆ ಇಲ್ಲದೆ ಹೇಳಿದ. ಕಟ್ಟುತ್ತಿದ್ದ ಬೀಡಿ ಪೂವಕ್ಕನ ಬೆರಳಿನಿಂದ ಜಾರಿತು.

"ಎಲ್ಲವನ್ನೂ ಮುರಿದೆಯಾ? ಪೊರ್ಬುಗಳು ನಿನ್ನನ್ನು ಓಡಿಸಲಿಲ್ವಾ?"

"ಇಲ್ಲ. 'ಪೂವಕ್ಕನ ಮುಖ ನೋಡಿ ಬಿಟ್ಟಿದ್ದೇನೆ' ಅಂದರು. ನೀನು ಅಲ್ಲಿ ಇರಲೇ ಇಲ್ಲ ಅಮ್ಮ, ನಿನ್ನ ಮುಖ ಹೇಗೆ ನೋಡಿದರೋ."

ಪೂವಕ್ಕ ಕೆಮ್ಮಿದಳು, ಕೆಮ್ಮಿ ಸುಧಾರಿಸಿಕೊಂಡು ಬುದ್ಧಿ ಹೇಳಿದಳು. "ಕೇಳು ಮಗಾ. ಸ್ವಂತ ತಲೆ ಓಡಿಸಬೇಡ. ಅವರು ಹೇಳಿದಷ್ಟೇ ಮಾಡು. ಒಂದು ಚೂರು ಹೆಚ್ಚು ಬೇಡ."

ಮರುದಿನ ಹೊಸ ಪೆಟ್ಟಿಗೆ ಬಂತು. ಐತಪ್ಪ ಒಂದು ಕೊಳವೆ ಎದುರಿಗಿಟ್ಟ, ಮೀಟರ್ ಹಿಡಿದ, ನೋಡಿದ. ಸೊನ್ನೆ. ಇನ್ನೊಂದನ್ನಿಟ್ಟ. ಸೊನ್ನೆ. ಪೆಟ್ಟಿಗೆ ಖಾಲಿಯಾಗುವವರೆಗೆ ಸೊನ್ನೆ. ಎದ್ದು ಹೋಗಿ ಹೇಳಿದ. "ಎಲ್ಲ ಸೊನ್ನೆ ಪೊರ್ಬುಗಳೇ."

ಪೊರ್ಬುಗಳು ಎದೆ ಒತ್ತಿಕೊಂಡು ಕುರ್ಚಿಯಲ್ಲಿ ಕುಸಿದರು. ಮುಂಬಯಿಗೆ ಫೋನು ಹಚ್ಚಿ ಸಾಮಾನು ಕಳಿಸಿದವನನ್ನು ಮೊದಲು ಹಿಂದಿಯಲ್ಲಿ ಬೈದರು, ಸಾಲದೆ ಕೊಂಕಣಿಯಲ್ಲಿ ಬೈದರು. ಅವನು ಇದ್ದಬದ್ದ ದೇವರ ಮೇಲೆಲ್ಲ ಆಣೆ ಇಟ್ಟ. ಬೈದು ದಣಿದು ಫೋನು ಇಟ್ಟ ಮೇಲೆ ಪೊರ್ಬುಗಳ ಕಣ್ಣಿಗೆ ಬಿದ್ದದ್ದು ಐತಪ್ಪನ ಕೈಯಿಂದ ನೇತಾಡುತ್ತಿದ್ದ ಎರಡು ವಯರು.

"ನೀನು ವಯರ್ ಮುಟ್ಟಿಸಿದೆಯಾ?"

"ಇಲ್ಲ. ಹಿಡಿಯಲಿಕ್ಕೆ ಹೇಳಿದ್ದೀರಿ, ಹಿಡಿದೆ. ತೋರಿಸಿದ್ದನ್ನು ಹೇಳಲಿಕ್ಕೆ ಹೇಳಿದ್ದೀರಿ, ಹೇಳಿದೆ. ಹೇಳಿದ ಹಾಗೆಯೇ ಮಾಡಿದ್ದೇನೆ."

ಪೊರ್ಬುಗಳು ಗೋಡೆಯ ಮೇಲಿದ್ದ ಏಸುವಿನ ಪಟ ನೋಡಿದರು. ಆಮೇಲೆ ಮಗುವಿಗೆ ಹೇಳುವ ಹಾಗೆ ಹೇಳಿದರು. "ಮುಟ್ಟಿಸದೆ ಒಳಗೆ ಎಷ್ಟುಂಟು ಅಂತ ಹೇಗೆ ಗೊತ್ತಾಗುವುದು? ಕೆಂಪು ಒಂದು ಕಡೆಗೆ, ಕಪ್ಪು ಇನ್ನೊಂದು ಕಡೆಗೆ. ಅಂಗಡಿಗೆ ಬಂದದ್ದನ್ನೆಲ್ಲ ಹೀಗೆ ಮುಟ್ಟಿಸಿ ನೋಡಿ ಆಮೇಲೆ ಒಳಗೆ ತೆಗೆದುಕೋ. ತಿಳಿಯಿತಾ?"

ತಿಳಿಯಿತು. ಮರುದಿನ ಬೆಳಿಗ್ಗೆ ಅಂಗಡಿಗೆ ಮೊದಲು ಬಂದದ್ದು ಬ್ಯಾಟರಿಯಲ್ಲ, ಪೊರ್ಬುಗಳ ಅತ್ತೆ ಸೆವ್ರಿನ್ ಬಾಯಿ. ಇಗರ್ಜಿಯಲ್ಲಿ ಪೂಜೆ ಮುಗಿಸಿಕೊಂಡು, ಕೈಯಲ್ಲಿ ಜಪಸರ ಹಿಡಿದು, ಅಳಿಯನನ್ನು ಮಾತಾಡಿಸಿ ಹೋಗೋಣ ಎಂದು ಮೆಟ್ಟಿಲು ಹತ್ತಿದ್ದರು.

"ನಿಲ್ಲಿ ಬಾಯಮ್ಮ," ಎಂದ ಐತಪ್ಪ. ಕೆಂಪು ವಯರನ್ನು ಬಲಗಿವಿಯ ಓಲೆಗೆ ಮುಟ್ಟಿಸಿದ. ಕಪ್ಪು ವಯರನ್ನು ಎಡಗಿವಿಯ ಓಲೆಗೆ ಮುಟ್ಟಿಸಿದ. ಮೀಟರ್ ನೋಡಿದ, ಅಲ್ಲಾಡಿಸಿ ಪುನಃ ನೋಡಿದ. ಆಮೇಲೆ ಒಳಗೆ ಮುಖ ಮಾಡಿ ಕೂಗಿ ಹೇಳಿದ. "ಪೊರ್ಬುಗಳೇ, ನಿಮ್ಮ ಅತ್ತೆಯಲ್ಲಿ ಎಂತದೂ ಇಲ್ಲ, ಸೊನ್ನೆ. ಹಾಳಾದದ್ದರ ಪೆಟ್ಟಿಗೆಗೆ ಹಾಕಲಾ?"

ಸೆವ್ರಿನ್ ಬಾಯಿ ಶಿಲುಬೆಯ ಗುರುತು ಹಾಕಿಕೊಂಡು ಮೆಟ್ಟಿಲ ಮೇಲೆಯೇ ಕೂತುಬಿಟ್ಟರು. ಅವರಿಗೆ ನೀರು ಕುಡಿಸುವುದು, ಗಾಳಿ ಹಾಕುವುದು, ರಿಕ್ಷಾ ಕರೆಸಿ ಕಳಿಸುವುದು, ಇದರಲ್ಲಿಯೇ ಪೊರ್ಬುಗಳ ಅರ್ಧ ದಿನ ಹೋಯಿತು. ಹೆಂಡತಿಯ ಫೋನು ಬಂದ ಮೇಲೆ ಉಳಿದರ್ಧವೂ ಹೋಯಿತು.

ಸಂಜೆ ಇದನ್ನು ಕೇಳಿ ಪೂವಕ್ಕ "ಬಾಯಮ್ಮನ ಕಿವಿಗಾ?" ಎಂದು ಎರಡೆರಡು ಸಲ ಕೇಳಿದಳು. ಆ ಬಾಯಮ್ಮನ ಎದುರು ನಿಂತು ಮಾತಾಡಲಿಕ್ಕೆ ಅವಳಿಗೇ ಇವತ್ತಿಗೂ ಧೈರ್ಯವಿಲ್ಲ. "ಮನುಷ್ಯರಿಗೆ ಮುಟ್ಟಿಸಬಾರದು ಮಗಾ, ಬ್ಯಾಟರಿಗೆ ಮಾತ್ರ ಮುಟ್ಟಿಸಬೇಕು. ಇನ್ನು ಮೇಲೆ ಅವರು ಹೇಳಿದ್ದರಲ್ಲಿ ಯಾವ ಮಾತು ತಿಳಿಯದಿದ್ದರೂ ಮನೆಗೆ ಬಂದು ನನ್ನ ಹತ್ತಿರ ಕೇಳು. ಕೇಳಿಯೇ ಮಾಡು."

ಈ ಬುದ್ಧಿ ಹಿಡಿಯಿತು ನೋಡಿ. ಬ್ಯಾಟರಿಗೆ ಮಾತ್ರ ಮುಟ್ಟಿಸಬೇಕು ಎಂದರೆ ಬ್ಯಾಟರಿಗೆ ಮಾತ್ರವೇ. ಐತಪ್ಪ ಚಕ್ರವನ್ನು ಮೂರಕ್ಕಿಟ್ಟು ಮುಟ್ಟಿಸಿದ, ನಾಲ್ಕಕ್ಕಿಟ್ಟು ಮುಟ್ಟಿಸಿದ, ಐದಕ್ಕಿಟ್ಟು ಮುಟ್ಟಿಸಿದ, ಮೀಟರ್ ಹೇಳಿದ್ದನ್ನು ಹೇಳಿದ. ಸುಳ್ಳು ಹೇಳುವ ಚಕ್ರ ಈ ಪೆಟ್ಟಿಗೆಗೆ, ನಿಜ ಹೇಳುವ ಚಕ್ರ ಆ ಪೆಟ್ಟಿಗೆಗೆ. ದಿನಗಳು ಸರಿದವು. ಬೈಗಳಿಲ್ಲ, ಮುರಿದದ್ದಿಲ್ಲ, ಯಾರ ಕಿವಿಯೂ ಇಲ್ಲ. ಪೊರ್ಬುಗಳು ದಾರಿಯಲ್ಲಿ ಸಿಕ್ಕಿದಾಗ ಸ್ಕೂಟರ್ ನಿಲ್ಲಿಸಿ, "ಪರವಾಗಿಲ್ಲ ಪೂವಕ್ಕ, ಹುಡುಗ ನಿಲ್ಲುತ್ತಾನೆ" ಎಂದರು. ಅವತ್ತು ಮಧ್ಯಾಹ್ನ ಪೂವಕ್ಕ ತಡ್ಪೆಯನ್ನು ಪಕ್ಕಕ್ಕಿಟ್ಟು, ಜಗಲಿಯ ಕಂಬಕ್ಕೆ ಒರಗಿ, ಎಷ್ಟೋ ಕಾಲದ ಮೇಲೆ ಹಗಲು ಒಂದು ನಿದ್ದೆ ಮಾಡಿದಳು. ಶನಿವಾರ ಒಂದು ಕಟ್ಟು ಕೊಟ್ಟುಬಿಟ್ಟರೆ ಇನ್ನು ಬೀಡಿ ಸಾಕು ಎಂದು ಮನಸ್ಸಿನಲ್ಲಿಯೇ ಹೇಳಿಕೊಂಡಳು. ಎದ್ದ ಮೇಲೆ ಭಯವಾಯಿತು, ಪುನಃ ತಡ್ಪೆ ಎತ್ತಿಕೊಂಡಳು.

ಅಷ್ಟರಲ್ಲಿ ಒಬ್ಬ ಗಿರಾಕಿ ಕೊಳವೆ ವಾಪಸು ತಂದ. ಮೀಟರಿನಲ್ಲಿ ನಾಲ್ಕು ತೋರಿಸಿದ್ದು ನಿಜ, ಆದರೆ ಎಳೆಯಲು ಹೋದರೆ ಎರಡಕ್ಕೆ ಇಳಿಯುತ್ತದೆ, ಹೊಗೆಯೇ ಇಲ್ಲ. ಪೊರ್ಬುಗಳು ಹಣೆ ಬಡಿದುಕೊಂಡರು.

"ತಪ್ಪು ನನ್ನದೇ ಮಾರಾಯ. ಸುಮ್ಮನೆ ಕೂತಿರುವಾಗ ಎಲ್ಲ ಬ್ಯಾಟರಿಯೂ ಚೆನ್ನಾಗಿಯೇ ತೋರಿಸುತ್ತದೆ. ಲೋಡ್ ಹಾಕಿ ನೋಡಬೇಕು. ಲೋಡ್ ಬಿದ್ದಾಗ ಯಾವುದು ಕುಸಿಯುತ್ತದೆ, ಯಾವುದು ತಡೆಯುತ್ತದೆ ಅಂತ ಗೊತ್ತಾಗುತ್ತದೆ. ನಾಳೆ ನಾನು ಮಂಗಳೂರಿಗೆ ಹೋಗಿ ಬರುವುದರೊಳಗೆ ಎಲ್ಲದಕ್ಕೂ ಲೋಡ್ ಹಾಕಿ ನೋಡಿಡು."

ಲೋಡ್ ಎಂದು ಅವರು ಹೇಳಿದ್ದು ಬ್ಯಾಟರಿಯ ತಲೆಗೆ ತಿರುಪುವ ಆ ಬಿಸಿಯಾಗುವ ಮೂತಿಯನ್ನು. ಅದು ಪೆಟ್ಟಿಗೆಯಲ್ಲಿಯೇ ಇತ್ತು. ಆದರೆ ಹೊತ್ತಾಗಿತ್ತು, ಪೊರ್ಬುಗಳು ಅದನ್ನು ತೋರಿಸದೆ ಸ್ಕೂಟರ್ ಹತ್ತಿ ಮನೆಗೆ ಹೋದರು.

ಐತಪ್ಪನಿಗೆ ಈ ಮಾತು ತಿಳಿಯಲಿಲ್ಲ. ತಿಳಿಯದಿದ್ದರೆ ಕೇಳು ಎಂದಿದ್ದಾಳಲ್ಲ ಅಮ್ಮ, ಕೇಳಿದ.

"ಅಮ್ಮಾ, ಲೋಡ್ ಅಂದರೆ ಎಂತದು?"

ಪೂವಕ್ಕ ನೂಲು ಹಲ್ಲಿನಲ್ಲಿ ಕಚ್ಚಿಕೊಂಡೇ ಯೋಚಿಸಿದಳು. "ಲೋಡ್ ಅಂದರೆ ಟಿಪ್ಪರಿನಲ್ಲಿ ಬರುವುದು. ಮೊನ್ನೆ ಶೆಟ್ಟರು ಮನೆ ಕಟ್ಟಲಿಕ್ಕೆ ಒಂದು ಲೋಡ್ ಹೊಯಿಗೆ ಹಾಕಿಸಲಿಲ್ವಾ, ಅದು. ಯಾಕೆ?"

"ಪೊರ್ಬುಗಳು ಅಂಗಡಿಯಲ್ಲಿ ಲೋಡ್ ಹಾಕಲಿಕ್ಕೆ ಹೇಳಿದ್ದಾರೆ."

"ಅಂಗಡಿ ದೊಡ್ಡದು ಮಾಡುತ್ತಾರೇನೋ," ಎಂದಳು ಪೂವಕ್ಕ. ಅವಳಿಗೆ ಸಂತೋಷವೇ ಆಯಿತು. ಅಂಗಡಿ ದೊಡ್ಡದಾದರೆ ಮಗನ ಕೆಲಸವೂ ಗಟ್ಟಿಯಾಗುತ್ತದೆ. "ಅವರು ಹೇಳಿದ ಮೇಲೆ ಹಾಕಿಸು ಮಗಾ, ತಡ ಮಾಡಬೇಡ."

ಮರುದಿನ ಐತಪ್ಪ ಬ್ಯಾಟರಿಗಳನ್ನೆಲ್ಲ ಅಂಗಡಿಯ ಎದುರು ಅಂಗಳದಲ್ಲಿ ಸಾಲಾಗಿ ಮಲಗಿಸಿದ. ಕೈಕಂಬದ ಕಟ್ಟೆಯ ಹತ್ತಿರ ನಿಂತಿದ್ದ ಟಿಪ್ಪರಿನವನನ್ನು ಕರೆದುಕೊಂಡು ಬಂದ. ಪೊರ್ಬುಗಳ ಹೆಸರು ಹೇಳಿದ ಮೇಲೆ ಟಿಪ್ಪರಿನವನು ಮರುಮಾತಾಡದೆ ಹೊಯಿಗೆ, ಅಂದರೆ ಮರಳು, ತುಂಬಿಸಿಕೊಂಡು ಬಂದ.

"ಎಲ್ಲಿ ಹಾಕುವುದು?"

"ಅದರ ಮೇಲೆ."

"ಅದರ ಮೇಲೆಯೇ?" ಟಿಪ್ಪರಿನವನು ಕಿಟಕಿಯಿಂದ ಬಗ್ಗಿ ನೋಡಿದ.

"ಹೌದು. ಪೊರ್ಬುಗಳು ಹೇಳಿದ್ದಾರೆ."

ಟಿಪ್ಪರಿನ ಬೆನ್ನು ಎದ್ದಿತು, ಹೊಯಿಗೆ ಧೋ ಎಂದು ಇಳಿಯಿತು. ಐತಪ್ಪ ಮೀಟರ್ ಹಿಡಿದು ಪಕ್ಕದಲ್ಲಿ ಕುಕ್ಕುರುಗಾಲಿನಲ್ಲಿ ಕೂತು, ಯಾವುದು ಕುಸಿಯುತ್ತದೆ, ಯಾವುದು ತಡೆಯುತ್ತದೆ ಎಂದು ನೋಡಿದ. ಅಂಗಡಿಯ ಬಾಗಿಲು ಅರ್ಧದವರೆಗೆ ಕಾಣದಾಯಿತು. ಕಟ್ಟೆಯ ಜನ, ಹೋಟೆಲಿನ ಜನ, ಬಸ್ಸಿಗೆ ಕಾಯುತ್ತಿದ್ದ ಜನ, ಎಲ್ಲರೂ ಬಂದು ಸುತ್ತ ನಿಂತರು. ಒಬ್ಬರ ಬಾಯಿಯೂ ಮುಚ್ಚಿರಲಿಲ್ಲ.

ಪೊರ್ಬುಗಳು ಸ್ಕೂಟರಿನಲ್ಲಿ ಬಂದು ಇಳಿದರು. ಹೆಲ್ಮೆಟ್ ತೆಗೆಯಲಿಕ್ಕೂ ಅವರಿಗೆ ನೆನಪಾಗಲಿಲ್ಲ. ಹೊಯಿಗೆಯ ರಾಶಿ ನೋಡಿದರು, ಅದರ ಬುಡದಲ್ಲಿ ಇಣುಕುತ್ತಿದ್ದ ಒಂದೇ ಒಂದು ಬ್ಯಾಟರಿ ನೋಡಿದರು, ಐತಪ್ಪನನ್ನು ನೋಡಿದರು.

"ಎಲ್ಲ ಕುಸಿದವು ಪೊರ್ಬುಗಳೇ," ಎಂದ ಐತಪ್ಪ. "ಲೋಡ್ ಬಿದ್ದ ಮೇಲೆ ಒಂದೂ ತಡೆಯಲಿಲ್ಲ. ಹೇಳಿದ ಹಾಗೆಯೇ ಮಾಡಿದ್ದೇನೆ."

ಯಾರೋ ಓಡಿಹೋಗಿ ಪೂವಕ್ಕನಿಗೆ ಹೇಳಿದರು. ಅವಳು ಮಡಿಲಿನ ತಡ್ಪೆ ಅಲ್ಲಿಯೇ ಬಿಟ್ಟು, ಚಪ್ಪಲಿಯೂ ಇಲ್ಲದೆ ಓಡಿ ಬಂದಳು. ಹೊಯಿಗೆ ನೋಡಿದ ತಕ್ಷಣ ಅವಳಿಗೆ ಎಲ್ಲ ತಿಳಿಯಿತು. ಹಾಕಿಸು ಎಂದವಳು ತಾನೇ. "ಪೊರ್ಬುಗಳೇ, ತಪ್ಪು ನನ್ನದು" ಎಂದು ಹೇಳಲು ಬಾಯಿ ತೆರೆದಳು, ಮಾತು ಬರಲಿಲ್ಲ, ಕೆಮ್ಮು ಬಂತು. ಕೆಮ್ಮಿನ ಹಿಂದೆ ಕೆಮ್ಮು ಬಂತು. ಹೊಯಿಗೆಯ ರಾಶಿಯ ಮೇಲೆ ಕೂತಳು, ಉಸಿರು ಒಳಗೆ ಹೋಗಲಿಲ್ಲ, ತುಟಿ ನೀಲಿಗಟ್ಟಿತು.

ಪೊರ್ಬುಗಳಿಗೆ ಬ್ಯಾಟರಿ ಮರೆತುಹೋಯಿತು. ತನ್ನನ್ನು ಸೊಂಟದಲ್ಲಿ ಹೊತ್ತವಳು ಕಣ್ಣೆದುರೇ ಉಸಿರಿಗಾಗಿ ಒದ್ದಾಡುತ್ತಿದ್ದಾಳೆ. ಹೆದರಿಕೆಯಲ್ಲಿ ಅವರು ಐತಪ್ಪನ ಮೇಲೆ ಕಿರುಚಿದರು.

"ನೋಡಿದೆಯಾ ನಿನ್ನ ಅಮ್ಮನ ಅವಸ್ಥೆ? ಮೊದಲು ಮನೆಗೆ ಹೋಗಿ ಅಮ್ಮನ ಬೀಡಿ ಬಿಡಿಸು! ಬೀಡಿ ಬಿಡಿಸಿದ ಮೇಲೆಯೇ ನನ್ನ ಅಂಗಡಿಯ ಮೆಟ್ಟಿಲು ಹತ್ತು. ಅಲ್ಲಿಯವರೆಗೆ ಈ ಕಡೆ ತಲೆ ಹಾಕಬೇಡ!"

ಕೈಕಂಬ ಇಡೀ ಈ ಮಾತು ಕೇಳಿತು. ಪೂವಕ್ಕನೂ ಕೇಳಿದಳು. ಐತಪ್ಪ ಅಮ್ಮನನ್ನು ಒಮ್ಮೆ ನೋಡಿ, ಮೀಟರ್ ಹಿಡಿದುಕೊಂಡು ಮನೆ ಕಡೆಗೆ ಓಡಿದ. ಅಷ್ಟು ಜೋರಾಗಿ ಅವನು ಓಡಿದ್ದನ್ನು ಯಾರೂ ಕಂಡಿರಲಿಲ್ಲ.

ಆಸ್ಪತ್ರೆಯಲ್ಲಿ ಪೂವಕ್ಕನ ಮೂಗಿಗೆ ಔಷಧದ ಹಬೆ ಹಿಡಿದರು. ಉಸಿರು ಸ್ವಲ್ಪ ಸ್ವಲ್ಪವಾಗಿ ತಾನಿದ್ದಲ್ಲಿಗೆ ವಾಪಸು ಬಂತು. ಡಾಕ್ಟರಮ್ಮ ಬೈಯಲಿಲ್ಲ. "ಇನ್ನೊಂದು ಸಲ ಹೀಗಾದರೆ ನನ್ನ ಕೈಯಲ್ಲಿಲ್ಲ" ಎಂದು ಮೆಲ್ಲಗೆ ಹೇಳಿದರು, ಅದು ಬೈದದ್ದಕ್ಕಿಂತ ಜೋರಾಗಿ ತಾಗಿತು. ಪೂವಕ್ಕ ಸ್ಕೂಟರಿನ ಹಿಂದೆ ಪೊರ್ಬುಗಳ ಹೆಗಲು ಹಿಡಿದು ಕೂತು ಮನೆಗೆ ಬರುವಾಗ ಯೋಚಿಸಿದಳು. ನಾಳೆ ಶನಿವಾರ. ಬ್ರಾಂಚಿಗೆ ಕೊಡುವ ಕಟ್ಟು ತಯಾರುಂಟು. ಮಗನ ಕೆಲಸ ಹೋಯಿತು. ಹಾಗಾದರೆ ತಡ್ಪೆ ಕೆಳಗಿಡುವ ಮಾತೇ ಇಲ್ಲ. ದಮ್ಮು ಬಂದಾಗ ಬರಲಿ.

ಅಂಗಳಕ್ಕೆ ಬಂದು ಸ್ಕೂಟರ್ ನಿಂತಿತು. ಇಳಿಯಲು ಒಂದು ಕಾಲು ಕೆಳಗಿಟ್ಟವಳು ಹಾಗೆಯೇ ನಿಂತಳು.

ಜಗಲಿಯಲ್ಲಿ ಐತಪ್ಪ ಕಾಲು ಮಡಚಿ ಕೂತಿದ್ದ. ಅವನ ಒಂದು ಪಕ್ಕದಲ್ಲಿ ಎಲೆಯ ರಾಶಿ, ಒಂದೊಂದನ್ನೂ ಅಂಗೈಯಲ್ಲಿ ನೇವರಿಸಿ ಚಪ್ಪಟೆ ಮಾಡಿಟ್ಟದ್ದು. ಇನ್ನೊಂದು ಪಕ್ಕದಲ್ಲಿ ಮುಚ್ಚಳ ಹಾಕಿದ ಡಬ್ಬಿ, ಅದರಲ್ಲಿ ಹೊಗೆಸೊಪ್ಪು. ಎದುರಿಗೆ ನೂಲಿನ ತುಂಡುಗಳು, ಗಂಟು ಹಾಕಿ ಗಂಟು ಹಾಕಿ ಉಂಡೆ ಸುತ್ತಿದ್ದು. ಒಂದು ಕೈಯಲ್ಲಿ ಮೀಟರ್, ಇನ್ನೊಂದು ಕೈಯಲ್ಲಿ ಕೊನೆಯ ಬೀಡಿ. ಅದರ ನೂಲನ್ನು ಹಲ್ಲಿನಿಂದ ಎಳೆಯುತ್ತಿದ್ದ. ನೂಲು ಬಿಚ್ಚಿತು, ಎಲೆ ತೆರೆಯಿತು.

"ಆಯಿತು ಅಮ್ಮ," ಎಂದ ಬೆವರೊರೆಸಿಕೊಂಡು. "ಎಲ್ಲ ಬೀಡಿ ಬಿಡಿಸಿದ್ದೇನೆ. ನಿನ್ನ ಗಂಟು ಬಹಳ ಗಟ್ಟಿ, ಬಿಡಿಸಲಿಕ್ಕೆ ಸುಲಭ ಇಲ್ಲ. ಬೆರಳು ನೋಯುತ್ತಾ ಉಂಟು. ನಿನಗೆ ದಿನಾ ಹೀಗೆಯೇ ನೋಯುತ್ತಿತ್ತಾ?"

ವಾರವಿಡೀ ಕೆಮ್ಮಿ ಕೆಮ್ಮಿ ಕಟ್ಟಿದ್ದು ಒಂದೂ ಉಳಿದಿರಲಿಲ್ಲ. ಪೊರ್ಬುಗಳು ಹೆಲ್ಮೆಟ್ ತೆಗೆದು ತಲೆ ಹಿಡಿದುಕೊಂಡು ಮೆಟ್ಟಿಲಲ್ಲಿ ಕೂತರು. "ನಾನು ಹೇಳಿದ್ದು ಹಾಗಲ್ಲ ಮಾರಾಯ, ಹಾಗಲ್ಲ," ಎಂದರು, ತಮಗೇ ಹೇಳಿಕೊಳ್ಳುವ ಹಾಗೆ.

ಪೂವಕ್ಕ ಮಗನ ಬೆರಳು ನೋಡಿದಳು. ತುದಿಯೆಲ್ಲ ಕೆಂಪಾಗಿತ್ತು. ಬೈಯಬೇಕೆಂದು ಎಳೆದುಕೊಂಡ ಉಸಿರು ಅರ್ಧದಲ್ಲಿ ನಿಂತಿತು. ಅವಳು ಎಲೆಯ ರಾಶಿಯನ್ನು ನೋಡಿದಳು, ಡಬ್ಬಿಯನ್ನು ನೋಡಿದಳು, ಮೆಟ್ಟಿಲಲ್ಲಿ ಕೂತ ಪೊರ್ಬುಗಳನ್ನು ನೋಡಿದಳು. ಆಮೇಲೆ ಖಾಲಿ ತಡ್ಪೆಯನ್ನು ಎತ್ತಿ, ಬೋರಲು ಮಾಡಿ, ಕೆಳಗಿಟ್ಟಳು.

"ಪೊರ್ಬುಗಳೇ, ಬೀಡಿ ಬಿಡಿಸಿಯಾಯಿತು," ಎಂದಳು. "ಬಿಡಿಸಿದ ಮೇಲೆ ಅಂಗಡಿಯ ಮೆಟ್ಟಿಲು ಹತ್ತು ಅಂತ ನೀವೇ ಹೇಳಿದ್ದು. ಕೈಕಂಬ ಇಡೀ ಕೇಳಿದೆ. ಈಗ ಇಲ್ಲ ಅನ್ನಬೇಡಿ."

ಪೊರ್ಬುಗಳು ತಲೆ ಎತ್ತಿದರು. ತಪ್ಪಿಸಿಕೊಳ್ಳಲು ದಾರಿ ಹುಡುಕಿದರು, ಸಿಗಲಿಲ್ಲ. ಹುಡುಕುವ ಮನಸ್ಸೂ ಅಷ್ಟೊಂದು ಇರಲಿಲ್ಲ.

"ಬರಲಿ," ಎಂದರು. "ಎಲ್ಲಿಯವರೆಗೆ ಅಂಗಡಿ ಉಂಟೋ ಅಲ್ಲಿಯವರೆಗೆ ಇರಲಿ. ಬೀಡಿ ಮಾತ್ರ ನೀವು ಪುನಃ ಮುಟ್ಟಬಾರದು ಪೂವಕ್ಕ." ಆಮೇಲೆ ಐತಪ್ಪನ ಕಡೆಗೆ ತಿರುಗಿದರು. "ಮಾರಾಯ, ನಾಳೆಯಿಂದ ಬಂದು ಸುಮ್ಮನೆ ಕೂತಿರು. ನಿನ್ನ ಕಾಲಿಗೆ ಬೀಳುತ್ತೇನೆ, ಇನ್ನು ಮೇಲೆ ಎಂತದನ್ನೂ ಮುಟ್ಟಬೇಡ."

"ಅಯ್ಯೋ, ಹಾಗೆ ಹೇಳಬೇಡಿ," ಎಂದಳು ಪೂವಕ್ಕ. ತಡವಾಯಿತು.

ಐತಪ್ಪ ಕೈಯಲ್ಲಿದ್ದ ಮೀಟರ್ ನೋಡಿದ. ಬೆರಳು ಬಿಡಿಸಿದ. ಪೊರ್ಬುಗಳು ಹಾರಿ ಅದನ್ನು ಹಿಡಿದರು. ಐತಪ್ಪ ಎದ್ದು ನಿಂತ, ಎರಡೂ ಕೈಗಳನ್ನು ಮೈಯಿಂದ ದೂರ ಚಾಚಿದ. ಆಮೇಲೆ ಪಾದ ನೋಡಿಕೊಂಡ. ಪಾದ ನೆಲ ಮುಟ್ಟಿತ್ತು. ಹಾರಿದ.

"ಅಮ್ಮಾ, ಮೇಲೆ ಹೋದಾಗ ಸರಿ ಉಂಟು, ಕೆಳಗೆ ಬಂದ ಕೂಡಲೇ ಮುಟ್ಟುತ್ತದೆ."

ಪುನಃ ಹಾರಿದ. ಎಲೆಯ ರಾಶಿ ಅದುರಿ ಜಾರಿ, ಜಗಲಿಯಿಂದ ಅಂಗಳಕ್ಕೆ ಚೆಲ್ಲಿತು. ಹಾರುತ್ತಾ ಅವನಿಗೆ ಇನ್ನೊಂದು ಹೊಳೆಯಿತು. ಉಟ್ಟ ಮುಂಡು ಸೊಂಟ ಮುಟ್ಟುತ್ತಿದೆ. ಅವನ ಕೈ ಮುಂಡಿನ ಗಂಟಿನ ಕಡೆಗೆ ಹೋಯಿತು.

"ಮಗಾ," ಎಂದಳು ಪೂವಕ್ಕ. ಅವಳಿಗೆ ನಗು ಬರುತ್ತಿತ್ತು, ಕಣ್ಣಲ್ಲಿ ನೀರೂ ಬರುತ್ತಿತ್ತು, ಆದರೆ ದನಿ ಗಟ್ಟಿಯಾಗಿತ್ತು. "ಎಂತದನ್ನೂ ಮುಟ್ಟಬಾರದು ಅಂದಿದ್ದಾರೆ. ಮುಂಡನ್ನೂ ಮುಟ್ಟಬೇಡ."

ಐತಪ್ಪನ ಕೈ ಗಾಳಿಯಲ್ಲಿಯೇ ನಿಂತಿತು. ಅಮ್ಮ ಹೇಳಿದ ಹಾಗೆಯೇ ಮಾಡಿದ. ಮುಂಡು ಮುಟ್ಟಲಿಲ್ಲ, ನೆಲ ಮುಟ್ಟಬಾರದೆಂದು ಹಾರುವುದನ್ನೂ ನಿಲ್ಲಿಸಲಿಲ್ಲ.